ಅಪ್ಪನ ಮಾತಿಗೆ ಅಡ್ಡ ಬಂದವಳು

ಅಂಗಿಯ ತೋಳಿನೊಳಗೆ ಕಾಲು ತೂರಿಸಬಾರದು ಎಂಬುದು ಅಪ್ಪನಿಗೆ ಮರೆತುಹೋದ ವಾರವೇ ನಮ್ಮ ಚರ್ಚಿನವರು ಬಂದು ಅವರನ್ನು ಸಾವಿನ ಮನೆಯ ಭಾಷಣಕ್ಕೆ ಕರೆದುಕೊಂಡು ಹೋದರು. ನಾನು ಬೇಡವೆಂದೆ. ನನ್ನ ಮಾತನ್ನು ಯಾರು ಕೇಳುತ್ತಾರೆ? "ನೀನು ಸುಮ್ನಿರು ಫುವಾತಿನೊ, ಲೆಫಾನೊ ಬರದೆ ಹೆಣ ಎತ್ತೋಕಾಗತ್ತಾ?" ಎಂದರು. ಲೆಫಾನೊ ಎಂಬುದು ಅಪ್ಪನ ಪಟ್ಟದ ಹೆಸರು. ನಮ್ಮ ಸಮೋವಾದವರಲ್ಲಿ ಮನೆತನದ ಪರವಾಗಿ ಮಾತಾಡುವುದಕ್ಕೆಂದೇ ಒಂದು ಪಟ್ಟವಿದೆ. ಆ ಪಟ್ಟದವರು ಹೆಗಲ ಮೇಲೆ ನಾರಿನ ಚಾಮರ ಹಾಕಿಕೊಂಡು ಬಾಯಿ ತೆರೆದರೆ ಉಳಿದವರು ಬಾಯಿ ಮುಚ್ಚಬೇಕು. ಬೇರೆ ಪಟ್ಟದವರು ಬೇಕಾದರೆ ನಡುವೆ ತಡೆಯಬಹುದು, ಅದಕ್ಕೂ ಒಂದು ಕ್ರಮವಿದೆ. ಹೆಂಡತಿ ಮಕ್ಕಳು ತಡೆಯುವ ಮಾತೇ ಇಲ್ಲ.

ಆ ದಿನ ಚರ್ಚಿನ ಅಂಗಳದಲ್ಲಿ ಅಪ್ಪ ಕೋಲೂರಿ ನಿಂತು ಮಾತಾಡಿದರು ನೋಡಿ. ಎರಡೂ ಮನೆತನಗಳ ಪಟ್ಟಗಳನ್ನು ಹಿರಿದು ಕಿರಿದು ತಪ್ಪದಂತೆ ಒಂದರ ಹಿಂದೆ ಒಂದು ಹೇಳಿದರು. ಸವಾಯಿ ದ್ವೀಪದ ಊರುಗಳನ್ನು, ಸತ್ತು ಮಣ್ಣಾದ ಯಜಮಾನರನ್ನು ಹೆಸರು ಹಿಡಿದು ನೆನೆದರು. ಕೂತವರೆಲ್ಲ ಕಣ್ಣೊರೆಸಿಕೊಂಡರು. ಪಾದ್ರಿಯ ಹೆಂಡತಿ ನನ್ನ ಕೈ ಹಿಡಿದು, "ಏನು ಜ್ಞಾಪಕಶಕ್ತಿ ಕಣೇ ನಿಮ್ಮಪ್ಪಂದು. ಪುಣ್ಯ ಮಾಡಿದೀಯ ನೀನು" ಎಂದಳು. ಮನೆಗೆ ಬಂದು ನಾನು ಅವರ ಚಪ್ಪಲಿ ಬಿಚ್ಚುತ್ತಿದ್ದಾಗ ಅಪ್ಪ ನನ್ನ ತಲೆ ಮುಟ್ಟಿ, "ನೀನು ಯಾರ ಮನೆ ಹುಡುಗಿಯಮ್ಮ? ಹೊತ್ತಾಯ್ತು, ನಿಮ್ಮಮ್ಮ ಹುಡುಕ್ತಿರ್ತಾಳೆ, ಮನೆಗೆ ಹೋಗು" ಎಂದರು. ಆಮೇಲೆ ಎದ್ದು ಹೋಗಿ ಬಟ್ಟೆಯ ಬೀರು ತೆಗೆದು ಅದರೊಳಗೆ ಉಚ್ಚೆ ಹೊಯ್ದರು. ಪುಣ್ಯ ಮಾಡಿದವಳು ಕೂತು ಅದನ್ನು ಒರೆಸಿದೆ.

ಇಷ್ಟರಲ್ಲಿ ನನ್ನ ಕಾಲು ಕೆಟ್ಟಿತು. ಸಕ್ಕರೆ ಕಾಯಿಲೆ ನಮ್ಮ ಮನೆಯಲ್ಲಿ ಬಳುವಳಿ ಬಂದ ಹಾಗೆ ಎಲ್ಲರಿಗೂ ಬಂದಿದೆ. ಎಡಗಾಲಿನ ಹೆಬ್ಬೆರಳ ಕೆಳಗೆ ಎದ್ದ ಹುಣ್ಣು ಒಣಗಲೇ ಇಲ್ಲ. ಆಸ್ಪತ್ರೆಯ ಡಾಕ್ಟರ್ ಕಾಲಿನ ಕಟ್ಟು ಬಿಚ್ಚಿ ನೋಡಿ, ಇವತ್ತೇ ಸೇರಿಕೊಳ್ಳಿ ಎಂದ. ಮನೆಯಲ್ಲಿ ಅಪ್ಪ ಇದ್ದಾರೆ, ಅವರನ್ನು ಬಿಟ್ಟು ಬರುವಂತಿಲ್ಲ ಎಂದೆ.

"ಬೇರೆ ಯಾರಾದ್ರೂ ನೋಡ್ಕೊಳ್ಳಲಿ. ತಡ ಮಾಡಿದ್ರೆ ಬೆರಳಿಗೆ ನಿಲ್ಲಲ್ಲ, ಪಾದವೇ ಹೋಗತ್ತೆ" ಎಂದು ಮುಖ ನೋಡಿಯೇ ಹೇಳಿದ.

ಬೇರೆ ಯಾರಾದರೂ ಎಂದರೆ ನನ್ನ ಅಣ್ಣ ಪೆನಿಯಮಿನಾ. ಆಕ್ಲೆಂಡಿನ ಈ ಮಾಂಗೆರೆಯ ನಮ್ಮ ಮನೆಯಿಂದ ಓಟಾರಾದ ಅವನ ಮನೆಗೆ ಬಸ್ಸಿನಲ್ಲಿ ಹೋದರೂ ದೂರವಿಲ್ಲ. ಅಮ್ಮ ತೀರಿಹೋದ ಮೇಲೆ ಅಪ್ಪನನ್ನು ನಾನು ನೋಡಿಕೊಳ್ಳುವುದೆಂದು ಅವನೇ ತೀರ್ಮಾನ ಮಾಡಿದ್ದ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಲಾಂಡ್ರಿಯ ಕೆಲಸ ಬಿಟ್ಟರೆ ಲೋಕವೇನೂ ಮುಳುಗುವುದಿಲ್ಲ ಎಂದು. ನಾನೂ ಒಪ್ಪಿದ್ದೆ. ಅಪ್ಪನೆಂದರೆ ನನಗೆ ಪ್ರಾಣ. ಅದನ್ನು ಈಗ ಹೇಳಿದರೆ ಯಾರೂ ನಂಬುವುದಿಲ್ಲ.

"ಅಣ್ಣ, ಆಸ್ಪತ್ರೆಯಿಂದ ಬರೋವರೆಗೆ ಅಪ್ಪನ್ನ ನಿನ್ನ ಮನೇಲಿಟ್ಕೋ" ಎಂದು ಫೋನು ಮಾಡಿದೆ.

"ಇಟ್ಕೊಳ್ಳೋಕೆ ಅವರೇನು ಸಾಮಾನಾ? ಅವರ ಪಾಡಿಗೆ ಅವರಿರ್ತಾರೆ ಬಿಡೇ. ಅಡುಗೆ ಮಾಡಿ ಫ್ರಿಜ್ಜಲ್ಲಿಟ್ಟು ಹೋಗು."

"ಅವರಿಗೆ ಫ್ರಿಜ್ ಯಾವುದು ಬೀರು ಯಾವುದು ಗೊತ್ತಾಗಲ್ಲ. ಮೊನ್ನೆ ಒಲೆ ಹಚ್ಚಿ ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ರು."

"ವಯಸ್ಸಾಯ್ತಲ್ಲ, ಮರೀತಾರೆ. ನಾನೂ ಕಾರಿನ ಕೀ ಮರೀತೀನಿ. ಸಾವಿನ ಮನೇಲಿ ನೀನೂ ಕೇಳಿದೆಯಲ್ಲ, ಒಂದು ಹೆಸರಾದ್ರೂ ತಪ್ಪಿದ್ರಾ? ತಲೆ ಕೆಟ್ಟವರು ಹಾಗೆ ಮಾತಾಡ್ತಾರಾ?"

ಬ್ರಿಸ್ಬೇನಿನಲ್ಲಿರುವ ತಂಗಿ ಸಲೋಮೆಗೆ ವಿಡಿಯೋ ಕರೆ ಮಾಡಿದೆ. "ನಿಂಗೆ ಸಾಕಾಗಿದೆ ಅಂತ ಹೇಳಕ್ಕ, ತಪ್ಪಿಲ್ಲ. ಅದಕ್ಕೆ ಅಪ್ಪನಿಗೆ ಹುಚ್ಚು ಅಂತ ಯಾಕೆ ಹಬ್ಬಿಸ್ತೀಯ?" ಎಂದಳು. ಮೈಯೆಲ್ಲ ಉರಿಯಿತು. ಫೋನನ್ನು ಅಪ್ಪನ ಮುಂದೆ ಹಿಡಿದೆ. ಅಪ್ಪ ಅವಳನ್ನು, ಅವಳ ಗಂಡನ ಮನೆತನವನ್ನು, ನಡುವಿನ ಕಡಲನ್ನು ಸೇರಿಸಿ ಉದ್ದಕ್ಕೆ ಹರಸಿದರು. ಸಲೋಮೆ ಗೊಳೋ ಎಂದು ಅತ್ತಳು. ಅಷ್ಟೂ ಹಾರೈಕೆಯಲ್ಲಿ ಅವಳ ಹೆಸರು ಒಮ್ಮೆಯೂ ಬರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಫೋನಿಟ್ಟ ಮೇಲೆ ಅಪ್ಪ, "ಒಳ್ಳೆ ಹೆಂಗಸು. ಯಾವ ಊರಿನವಳು?" ಎಂದು ಕೇಳಿದರು.

ನಮ್ಮ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಇಂಥವರನ್ನು ಮನೆಯಲ್ಲಿಟ್ಟುಕೊಂಡವರ ಕೂಟವೊಂದು ನಡೆಯುತ್ತದೆ. ನಡೆಸುವವಳು ಮೌರೀನ್, ಹಿಂದೆ ನರ್ಸ್ ಆಗಿದ್ದ ಬಿಳಿಯ ಹೆಂಗಸು. ಚಹಾ, ಬಿಸ್ಕತ್ತು, ಮೂಗೊರೆಸಲು ಕಾಗದ, ಎಲ್ಲ ಇಟ್ಟಿರುತ್ತಾಳೆ. ಅವಳು ಹೇಳಿಕೊಟ್ಟದ್ದು ಸುಳ್ಳಲ್ಲ. ಕಾಯಿಲೆಯವರ ಜೊತೆ ವಾದ ಮಾಡಬೇಡಿ, ನೆನಪಿದೆಯಾ ಎಂದು ಪರೀಕ್ಷೆ ಮಾಡಬೇಡಿ, ನಾಲ್ಕು ಜನರ ಮುಂದೆ ತಪ್ಪು ತೋರಿಸಬೇಡಿ, ಅವರ ಕೈಲಾಗುವುದನ್ನು ಅವರ ಪಾಡಿಗೆ ಮಾಡಲು ಬಿಡಿ. ನಾನು ಹಾಗೆಯೇ ನಡೆದುಕೊಂಡೆ. ಅಪ್ಪ ನನ್ನನ್ನು ಯಾರ ಮನೆ ಹುಡುಗಿ ಎಂದಾಗ ಪಕ್ಕದ ಮನೆಯವಳೆಂದೆ. ಅಮ್ಮ ಎಲ್ಲಿ ಎಂದಾಗ ಮಾರ್ಕೆಟ್ಟಿಗೆ ಹೋಗಿದ್ದಾಳೆ ಎಂದೆ. ಮನೆ ಶಾಂತವಾಯಿತು. ಆದರೆ ಮನೆ ಶಾಂತವಾದಷ್ಟೂ ಹೊರಗಿನವರಿಗೆ ಅಪ್ಪ ಇನ್ನೂ ಚೆನ್ನಾಗಿ ಕಂಡರು.

"ಸರ್ಕಾರದ ಕಡೆಯಿಂದ ಪರೀಕ್ಷೆ ಮಾಡಿಸೋಣ. ಕಾಯಿಲೆ ಅಂತ ಆದ್ರೆ ನೀನು ಆಸ್ಪತ್ರೇಲಿರೋವಷ್ಟು ದಿನ ಅವರಿಗೆ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಕೊಡ್ತಾರೆ. ನಿಮ್ಮ ಭಾಷೆಯವಳನ್ನೇ ಕಳಿಸ್ತೀನಿ" ಎಂದಳು ಮೌರೀನ್. ನಿಮ್ಮ ಭಾಷೆಯವಳು ಎಂದಾಗ ನನಗೂ ಖುಷಿಯಾಗಿತ್ತು. ಬುದ್ಧಿ ಬೇಡವೇ ನನಗೆ.

ಬಂದವಳು ಲೀತು ಎಂಬ ಚಿಕ್ಕ ವಯಸ್ಸಿನವಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿಕೊಂಡು ಬಂದು ಅಪ್ಪನ ಎದುರು ಚಾಪೆಯ ಮೇಲೆ ಕಾಲು ಮಡಿಸಿ ಕೂತಳು. ಅವಳು ಕೇಳಬೇಕಾಗಿದ್ದದ್ದು ಇಷ್ಟೇ. ಇದು ಯಾವ ವರ್ಷ, ಇದು ಯಾವ ಊರು, ಬೆಳಿಗ್ಗೆ ಏನು ತಿಂದಿರಿ. ಪಟ್ಟದ ಹಿರಿಯರ ಜೊತೆ ಮಾತಾಡಲು ನಮ್ಮಲ್ಲಿ ಬೇರೆಯೇ ಮರ್ಯಾದೆಯ ಮಾತಿದೆ. ಆ ಮಾತಿನಲ್ಲಿ ಅವಳು ನಮಸ್ಕಾರ ಹೇಳಿದ್ದೇ ತಡ, ಅಪ್ಪ ಚಾಮರವನ್ನು ಹೆಗಲಿಗೇರಿಸಿ ಸ್ವಾಗತದ ಭಾಷಣ ಶುರು ಮಾಡಿದರು. ಲೀತು ಕೊನೆಯವರೆಗೂ ತಲೆ ಎತ್ತಲಿಲ್ಲ. ಮುಗಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

ಅಡುಗೆ ಮನೆಗೆ ಕರೆದು ಕೇಳಿದೆ, "ಪ್ರಶ್ನೆ ಕೇಳಲೇ ಇಲ್ವಲ್ಲಮ್ಮ?"

"ಅಕ್ಕ, ಲೆಫಾನೊ ಅವರಿಗೆ ನೀವು ಬೆಳಿಗ್ಗೆ ಏನು ತಿಂದ್ರಿ ಅಂತ ನಾನು ಹೇಗೆ ಕೇಳ್ಲಿ? ನಮ್ಮಜ್ಜಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ."

"ಕೇಳೋದಕ್ಕೇ ತಾನೇ ನಿಂಗೆ ಸಂಬಳ?"

"ನಂಗೆ ಏನೂ ತೊಂದರೆ ಕಾಣಿಸ್ಲಿಲ್ಲ ಅಕ್ಕ. ಇಂಥ ಮಾತು ನಮ್ಮ ಕಡೆ ಯಾರಿಗೂ ಬರಲ್ಲ. ನೀವು ಸ್ವಲ್ಪ ಸುಧಾರಿಸ್ಕೊಳ್ಳಿ" ಎಂದು ನನ್ನ ಭುಜ ತಟ್ಟಿ ಹೋದಳು. ಅವಳು ಹೋದ ಮೇಲೆ ನಾನು ಸಿಂಕಿನ ಹತ್ತಿರ ನಿಂತು ಕೆಟ್ಟ ಕೆಟ್ಟ ಮಾತುಗಳಲ್ಲಿ ಬೈದೆ. ಯಾರನ್ನು ಬೈಯುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

ಮೌರೀನ್ ಬಿಡಲಿಲ್ಲ. ಅಣ್ಣ ತಂಗಿ ಇಬ್ಬರನ್ನೂ ಕೂರಿಸು, ನಾನೂ ಲೀತುವೂ ಬರುತ್ತೇವೆ, ಅಪ್ಪನಿಗೆ ಹುಷಾರಿಲ್ಲವೆಂದು ಮನೆಯವರೆಲ್ಲ ಒಂದೇ ಮಾತು ಹೇಳಿದರೆ ಹಾಸಿಗೆಯನ್ನು ನಾನು ಕೊಡಿಸುತ್ತೇನೆ ಎಂದಳು. ಸಲೋಮೆ ಯಾವುದೋ ಮದುವೆಗೆ ಆಕ್ಲೆಂಡಿಗೆ ಬರುವುದಿತ್ತು. ಆ ಭಾನುವಾರ ಚರ್ಚು ಮುಗಿದ ಮೇಲೆ ಊಟಕ್ಕೆ ಎಲ್ಲರನ್ನೂ ಕರೆದೆ. ಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಂಡು ಕೆಸುವಿನ ಗಡ್ಡೆ ಬೇಯಿಸಿದೆ, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಸುಟ್ಟೆ, ಶಾವಿಗೆಗೆ ಡಬ್ಬಿ ಮಾಂಸ ಹಾಕಿ ಬಾಡಿಸಿದೆ. ಅಷ್ಟೂ ಹೊತ್ತು ದೇವರನ್ನು ಒಂದೇ ಬೇಡುತ್ತಿದ್ದೆ. ಇವತ್ತೊಂದು ದಿನ ಅಪ್ಪ ಎಲ್ಲರ ಮುಂದೆ ಕೆಡಲಿ. ಊಟದ ತಟ್ಟೆಯನ್ನು ತಲೆಗೆ ಹಾಕಿಕೊಳ್ಳಲಿ, ಕೂತಲ್ಲೇ ಹೇತುಕೊಳ್ಳಲಿ. ಹೆತ್ತ ಅಪ್ಪನ ಮಾನ ಹೋಗಲಿ ಎಂದು ಬೇಡುವ ಗತಿ ನನ್ನ ಶತ್ರುವಿಗೂ ಬೇಡ.

ಅಪ್ಪ ಕೆಡಲಿಲ್ಲ. ಬಿಳಿ ಅಂಗಿ ತೊಟ್ಟು, ಚೆನ್ನಾಗಿ ಉಂಡು, ಗೋಡೆಗೊರಗಿ ಚಾಪೆಯ ಮೇಲೆ ಕೂತು, ಬಂದವರನ್ನು ಸ್ವಾಗತಿಸಿ ಮಾತಾಡಿದರು. ಕೇಳುತ್ತಾ ಕೇಳುತ್ತಾ ನನಗೂ ಎದೆ ಉಬ್ಬಿತು. ನನ್ನಪ್ಪನ ಮಾತು ಅಷ್ಟು ಚೆಂದ, ನಾನೇನು ಮಾಡಲಿ? ಮೌರೀನಿಗೆ ಒಂದು ಪದವೂ ತಿಳಿಯಲಿಲ್ಲ, ಅವಳೂ ಬಾಯಿ ಬಿಟ್ಟುಕೊಂಡು ಕೇಳಿದಳು. ಮಾತು ಮುಗಿದ ಮೇಲೆ ಪೆನಿಯಮಿನಾ ಎಲ್ಲರ ಕಡೆ ನೋಡಿದ.

"ಇನ್ನೇನು ನೋಡ್ಬೇಕು? ಇದನ್ನ ಕಾಯಿಲೆ ಅಂದ್ರೆ ಬಾಯಲ್ಲಿ ಹುಳ ಬೀಳತ್ತೆ."

"ಅಣ್ಣ, ನೀನು ಒಂದು ದಿನ ಇವರ ಜೊತೆ ಇದ್ದು ನೋಡು" ಎಂದೆ.

"ಮಗಳಾಗಿ ಅಪ್ಪನ್ನ ನೋಡ್ಕೊಳ್ಳೋದು ಭಾರ ಆಯ್ತಾ ನಿಂಗೆ? ಅವರನ್ನ ಬಿಳಿಯರ ಮನೆಗೆ ತಳ್ಳೋಕೆ ಈ ಹುಣ್ಣೊಂದು ನೆಪ."

ನಾನು ಸುತ್ತಿದ ಬಟ್ಟೆ ಬಿಚ್ಚಿ ಕಾಲು ತೋರಿಸಿದೆ. ಸಲೋಮೆ ಮುಖ ಆ ಕಡೆ ತಿರುಗಿಸಿದಳು. "ಊಟ ಮಾಡಿದ ಜಾಗದಲ್ಲಿ ಏನಕ್ಕ ಇದು" ಎಂದಳು. ಲೀತು ತಲೆ ತಗ್ಗಿಸಿಯೇ ಕೂತಿದ್ದಳು. ಮೌರೀನ್ ನನ್ನ ಕಡೆ ನೋಡಿ, "ಇವರು ಒಪ್ಪದೆ ನನ್ನ ಕೈಲಿ ಏನೂ ಆಗಲ್ಲ ಫುವಾತಿನೊ, ಬೇಜಾರು ಮಾಡ್ಕೋಬೇಡ" ಎಂದು ಕನ್ನಡಕ ತೆಗೆದು ಚೀಲದಲ್ಲಿಟ್ಟುಕೊಂಡಳು. ಅತಿಥಿಗಳು ಹೊರಡುತ್ತಾರೆಂದು ಅಪ್ಪನಿಗೆ ಗೊತ್ತಾಯಿತು. ಅದು ಹೇಗೆ ಗೊತ್ತಾಗುತ್ತಿತ್ತೋ. ಚಾಮರವನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡು ಬೀಳ್ಕೊಡುವ ಮಾತು ಶುರು ಮಾಡಿದರು. ಎಲ್ಲರೂ ಮತ್ತೆ ತಲೆ ಬಾಗಿಸಿದರು.

ನನಗೆ ಆಗ ಹೊಳೆಯಿತು. ಇವರೆಲ್ಲ ಅಪ್ಪನ ಮಾತನ್ನು ಮೊದಲಿಂದ ಕೊನೆಯವರೆಗೆ ಕೇಳಿದ್ದಾರೆ. ನಡುವೆ ನಿಲ್ಲಿಸಿ ನೋಡಿದವರು ಯಾರೂ ಇಲ್ಲ.

"ಅಪ್ಪ" ಎಂದೆ. "ನಿಮ್ಮ ಎದುರಿಗೆ ಕೂತಿರೋದು ಯಾರು?"

ಲೀತು ನನ್ನನ್ನು ದೆವ್ವ ನೋಡಿದ ಹಾಗೆ ನೋಡಿದಳು. ಅಪ್ಪ ಮಾತು ನಿಲ್ಲಿಸಿ, ಸ್ವಲ್ಪ ಹೊತ್ತು ಗಾಳಿಯಲ್ಲಿ ಏನನ್ನೋ ಹುಡುಕಿ, ಮತ್ತೆ ಮೊದಲ ನಮಸ್ಕಾರದಿಂದ ಶುರು ಮಾಡಿದರು. ಹಿಂದೆ ನಿಲ್ಲಿಸಿದ ಜಾಗಕ್ಕೆ ಬಂದರು. ದಾಟಿ ಹೋಗುವವರಿದ್ದರು.

"ಅಪ್ಪ, ಇದು ಯಾರ ಮನೆ? ನಾನು ಯಾರು?"

"ಬಾಯಿ ಮುಚ್ಚೇ" ಎಂದು ಪೆನಿಯಮಿನಾ ಹಲ್ಲು ಕಡಿದ. "ಅಪ್ಪನ ಮಾತಿಗೆ ಅಡ್ಡ ಬರ್ತೀಯಾ?"

"ಬರ್ತೀನಿ. ಅಪ್ಪ, ಈ ಕೂಗಾಡ್ತಿರೋನ ಹೆಸರು ಹೇಳಿ ನೋಡೋಣ. ನೀವೇ ಇಟ್ಟ ಹೆಸರು."

ಅಪ್ಪ ಮೂರನೆಯ ಸಲ ಶುರು ಮಾಡಿದರು. ಈ ಸಲ ಮೊದಲ ಪಟ್ಟವೇ ಸಿಗಲಿಲ್ಲ. ತುಟಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಪೆನಿಯಮಿನಾನ ಕಡೆ ತಿರುಗಿ, ಬಸ್ ನಿಲ್ದಾಣದಲ್ಲಿ ಅಪರಿಚಿತರನ್ನು ಕೇಳುವ ಹಾಗೆ, "ಸ್ವಾಮಿ, ನಮ್ಮೂರಿನ ಬಸ್ಸು ಹೋಯ್ತಾ? ನಮ್ಮಮ್ಮ ಕಾಯ್ತಿರ್ತಾಳೆ" ಎಂದರು. ಅಣ್ಣ "ಅಪ್ಪ, ನಾನು ಪೆನಿ" ಎಂದ. "ಯಾವ ಪೆನಿ?" ಎಂದರು ಅಪ್ಪ. ಅವರ ಬಿಳಿ ಲುಂಗಿ ಒದ್ದೆಯಾಗಿ ಚಾಪೆಯ ಮೇಲೆ ನೀರು ಹರಿಯಿತು. ಅದನ್ನು ನೋಡಿ ಅವರಿಗೆ ಗಾಬರಿಯಾಯಿತು. ಚಾಮರವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನೆಲದ ಮೇಲಿಟ್ಟರು.

"ಪಾಠ ಕಲಿತಿದ್ದೆ ಟೀಚರ್" ಎಂದರು, ಚಿಕ್ಕ ದನಿಯಲ್ಲಿ. "ಮನೇಲಿ ಪೂರ್ತಿ ಬರ್ತಿತ್ತು. ಹೊಡೀಬೇಡಿ."

ಸಲೋಮೆ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಅಣ್ಣ ಗೋಡೆಗೆ ಹಣೆ ಹಚ್ಚಿ ಅತ್ತ. ಅವನು ಅತ್ತದ್ದನ್ನು ಅಮ್ಮನ ಸಾವಿನಲ್ಲೂ ನಾನು ನೋಡಿರಲಿಲ್ಲ. ಲೀತು ನನಗಿಂತ ಮೊದಲು ಎದ್ದು ಬಕೆಟ್ಟು ತಂದಳು. ನಾನು ಅಪ್ಪನ ಪಕ್ಕ ಕೂತು, ಯಾರೂ ಹೊಡೆಯುವುದಿಲ್ಲ, ನೀವು ಚೆನ್ನಾಗಿಯೇ ಹೇಳಿದಿರಿ ಎಂದೆ. ಅಪ್ಪ ನನ್ನ ಕೈಗೆ ಸಿಗದಂತೆ ಗೋಡೆಯ ಕಡೆ ಸರಿದುಕೊಂಡರು.

ಹಾಸಿಗೆ ಆ ವಾರವೇ ಸಿಕ್ಕಿತು. ಪೆನಿಯಮಿನಾ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಬಿಟ್ಟುಬಂದ. ನನ್ನ ಕಾಲಿನ ಒಂದು ಬೆರಳು ಹೋಯಿತು, ಪಾದ ಉಳಿಯಿತು. ಈಗ ಅಪ್ಪ ಮನೆಯಲ್ಲಿದ್ದಾರೆ. ವಾರದಲ್ಲಿ ಕೆಲವು ದಿನ ವ್ಯಾನು ಬಂದು ಹಗಲಿನ ಆರೈಕೆಗೆ ಕರೆದುಕೊಂಡು ಹೋಗುತ್ತದೆ, ಶನಿವಾರ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ. ಗೇಟಿನ ಹೊರಗೇ ನಿಲ್ಲುತ್ತಾನೆ, ನನ್ನ ಮುಖ ನೋಡುವುದಿಲ್ಲ. ಬೇಡಿದ್ದೆಲ್ಲ ಕೈಗೆ ಬಂತು.

ಅಪ್ಪ ಆ ಭಾನುವಾರದ ನಂತರ ಭಾಷಣ ಮಾಡಿಲ್ಲ. ಚರ್ಚಿನವರು ಬಂದು ಚಾಮರ ಕೈಗೆ ಕೊಟ್ಟು ನೋಡಿದರು. ಹಿಡಿದುಕೊಂಡು ಕೂತರು, ಆಮೇಲೆ ಅದನ್ನು ಮಡಿಸಿ ದಿಂಬಿನ ಕೆಳಗಿಟ್ಟರು. ನಾನು ಅಡ್ಡ ಕೇಳಿದ್ದರೂ ಕೇಳದಿದ್ದರೂ, ಕಾಯಿಲೆ ಹೆಚ್ಚಾದ ಮೇಲೆ ಆ ಭಾಷಣವೂ ಹೋಗಲೇಬೇಕಾಗಿತ್ತು ಎಂದು ಮೌರೀನ್ ಸಮಾಧಾನ ಹೇಳುತ್ತಾಳೆ. ಇರಬಹುದು. ಚರ್ಚಿನಲ್ಲಿ ಮಾತ್ರ ನನ್ನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಅಪ್ಪನ ಬಾಯಿ ಕಟ್ಟಿದವಳು ಎಂದು ಪಾದ್ರಿಯ ಹೆಂಡತಿ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಅವಳು ಹೇಳಿದ್ದರಲ್ಲಿ ನಾನು ತಿದ್ದುವಂಥದ್ದೇನೂ ಇಲ್ಲ.

ಕಳೆದ ವಾರ ಲೈಬ್ರರಿಯ ಕೂಟಕ್ಕೆ ಟೋಂಗಾದ ಹೆಂಗಸೊಬ್ಬಳು ಹೊಸದಾಗಿ ಬಂದಿದ್ದಳು. ಹೆಸರು ಮೆಲೆನೈತೆ. ಅವಳಮ್ಮನಿಗೆ ಇದೇ ಕಾಯಿಲೆ, ಮನೆಯಲ್ಲಿ ಮಗಳ ಮೇಲೆ ಚಾಕು ಎತ್ತುತ್ತಾಳಂತೆ. ಆದರೆ ಚರ್ಚಿನಲ್ಲಿ ಹಾಡುವಾಗ ಒಂದು ಸಾಲೂ ತಪ್ಪುವುದಿಲ್ಲವಂತೆ. ಅಣ್ಣಂದಿರು ನಂಬುವುದಿಲ್ಲವೆಂದು ಹೇಳುತ್ತಾ ಅವಳು ಬಿಸ್ಕತ್ತನ್ನು ಪುಡಿ ಪುಡಿ ಮಾಡಿದಳು. ಎಲ್ಲರೂ ಚಹಾಕ್ಕೆ ಎದ್ದಾಗ ನನ್ನ ಪಕ್ಕ ಬಂದು ಕೂತಳು.

"ನಿಮ್ಮಣ್ಣನೂ ನಂಬ್ತಿರಲಿಲ್ಲ ಅಂತ ಮೌರೀನ್ ಹೇಳಿದ್ರು ಅಕ್ಕ. ಏನು ಮಾಡಿ ನಂಬಿಸಿದ್ರಿ?"

ಸುಳ್ಳು ಹೇಳಬಹುದಿತ್ತು. ಅವಳ ಮುಂಗೈ ಮೇಲೆ ಹೊಲಿಗೆ ಹಾಕಿದ ಗಾಯ ಕಾಣುತ್ತಿತ್ತು.

"ಅಣ್ಣಂದಿರನ್ನೆಲ್ಲ ಮುಂದೆ ಕೂರಿಸು" ಎಂದೆ. "ನಿಮ್ಮಮ್ಮ ಹಾಡೋಕೆ ಶುರು ಮಾಡಲಿ. ಅರ್ಧಕ್ಕೆ ಬಂದಾಗ ನಿಲ್ಲಿಸು. ಮತ್ತೆ ಶುರು ಮಾಡ್ತಾರೆ, ಮತ್ತೆ ನಿಲ್ಲಿಸು."

ಅವಳು ಅಂಗಿಯ ತೋಳನ್ನು ಗಾಯದ ಮೇಲೆ ಎಳೆದುಕೊಂಡಳು.

"ಆಮೇಲೆ ಅಮ್ಮ ಮತ್ತೆ ಹಾಡ್ತಾರಾ ಅಕ್ಕ?"

"ಹಾಸಿಗೆ ಸಿಗತ್ತೆ" ಎಂದೆ.